ಜೂನ್ ತಿಂಗಳ ಲೆಕ್ಕ: ಹೈಸ್ಕೂಲ್ ಮಕ್ಕಳಿಗೆ ದುಡ್ಡಿನ ಪಾಠ ಹೇಳೋದು ಹೇಗೆ

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಚಕ್ರಬಡ್ಡಿ ಲೆಕ್ಕ ಕೊಡಿ, ಬಿಡಿಸಿಬಿಡುತ್ತಾರೆ. ಅದೇ ಮಕ್ಕಳ ಕೈಗೆ ಒಂದು ಪಾಸ್‌ಬುಕ್ ಕೊಟ್ಟು "ಇದರಲ್ಲಿ ಬಡ್ಡಿ ಎಲ್ಲಿ ಬಿದ್ದಿದೆ ತೋರಿಸಿ" ಅನ್ನಿ. ಮುಖ ಮುಖ ನೋಡಿಕೊಳ್ಳುತ್ತಾರೆ.

ನಾನು ಗಣಿತದ ಟೀಚರು. ಮೊದಲು ಕಾರವಾರದ ಕಡೆ ಇದ್ದೆ, ಈಗ ಘಟ್ಟ ಹತ್ತಿ ಶಿರಸಿ ಸೀಮೆಗೆ ಬಂದಿದ್ದೇನೆ. ಎರಡೂ ಕಡೆ ಶನಿವಾರ ಬೆಳಗಿನ ಕ್ಲಾಸಿನಲ್ಲಿ ಒಂದು ಪಿರಿಯಡ್ ಕದ್ದು ದುಡ್ಡಿನ ಪಾಠ ಮಾಡುತ್ತಾ ಬಂದಿದ್ದೇನೆ. ಎಂಟು-ಹತ್ತು ಶನಿವಾರ ಸಾಕು. ಪುಸ್ತಕ, ಪ್ರೊಜೆಕ್ಟರ್ ಏನೂ ಬೇಡ. ಹೇಗೆ ಮಾಡುತ್ತೇನೆ, ಎಲ್ಲಿ ಎಡವಿದೆ ಅಂತ ಬರೆಯುತ್ತೇನೆ, ನಿಮ್ಮ ಶಾಲೆಗೆ ಹೊಂದುವಷ್ಟು ತೆಗೆದುಕೊಳ್ಳಿ. ಮನೆಯಲ್ಲಿ ಒಬ್ಬಳೇ ಮಗಳಿಗೆ ಹೇಳಿಕೊಡುವವರಿಗೂ ನಡೆಯುತ್ತದೆ.

ಮೊದಲು, ಏನು ಮಾಡಬಾರದು

ಮಕ್ಕಳ ಸ್ವಂತ ಮನೆಯ ಲೆಕ್ಕ ಕೇಳಬೇಡಿ. ಮೊದಲ ವರ್ಷ ನಾನು ಅದನ್ನೇ ಮಾಡಿದೆ. ಮನೆಯ ಆದಾಯ ಎಷ್ಟು, ಖರ್ಚು ಎಷ್ಟು ಅಂತ ಬರೆದುಕೊಂಡು ಬನ್ನಿ ಅಂದೆ. ಅರ್ಧ ಮಕ್ಕಳು ಸುಳ್ಳು ಬರೆದರು. ಒಬ್ಬ ಹುಡುಗ ಖಾಲಿ ಹಾಳೆ ಕೊಟ್ಟ. ಸೋಮವಾರ ಅವನ ತಾಯಿ ಮೀನಿನ ಬುಟ್ಟಿ ಗೇಟಿನ ಹೊರಗೆ ಇಟ್ಟು ಒಳಗೆ ಬಂದರು. "ನಮ್ಮನೆ ಲೆಕ್ಕ ನಿಮಗ್ಯಾಕೆ ಟೀಚರ್, ರೇಶನ್ ಕಾರ್ಡ್ ತೆಗೀತಾರಾ?" ಅಂತ ಕೇಳಿದರು. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನಾನು ಎಲ್ಲ ಹಾಳೆ ವಾಪಸ್ ಕೊಟ್ಟೆ.

ಆಮೇಲಿಂದ ನಮ್ಮ ಕ್ಲಾಸಿನಲ್ಲಿ ಲೆಕ್ಕ ನಡೆಯುವುದು ಬೋರ್ಡಿನ ಮೇಲಿನ ಎರಡು ಮನೆಗಳಲ್ಲಿ ಮಾತ್ರ. ಒಂದು ಘಟ್ಟದ ಮೇಲಿನ ಮನೆ, ಇನ್ನೊಂದು ಕೆಳಗಿನ ಮನೆ. ಮೇಲಿನವರದ್ದು ಅಡಿಕೆ ತೋಟ, ಕೆಳಗಿನವರು ಬೋಟಿಗೆ ಹೋಗುವವರು. ಎರಡೂ ಸುಳ್ಳು ಮನೆ. ಆದರೆ ಅದರ ಬಗ್ಗೆ ಮಾತಾಡುವಾಗ ಮಕ್ಕಳು ನಿಜವೇ ಹೇಳುತ್ತಾರೆ.

ಹನ್ನೆರಡು ತಿಂಗಳ ಪಟ್ಟಿ

ಇದಕ್ಕೆ ಎರಡು ಶನಿವಾರ ಕೊಡಿ. ಇಡೀ ಪಾಠದ ತಿರುಳು ಇದೇ, ಗಡಿಬಿಡಿ ಮಾಡಬೇಡಿ.

ಬೋರ್ಡಿನಲ್ಲಿ ಆಗಸ್ಟ್‌ನಿಂದ ಜುಲೈ ತನಕ ಹನ್ನೆರಡು ಚೌಕ ಹಾಕಿ. ಆಗಸ್ಟ್ ಯಾಕೆ ಅಂತ ಮಕ್ಕಳನ್ನೇ ಕೇಳಿ, ಕಾರವಾರದಲ್ಲಾದರೆ ಹಿಂದಿನ ಬೆಂಚಿನಿಂದಲೇ ಉತ್ತರ ಬರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಹಾಕುವ ಕಾಲ ಅದು. ಹಾಗಾಗಿ ಬೋಟಿನವರ ವರ್ಷ ಶುರುವಾಗುವುದೇ ಆಗಸ್ಟ್ 1ಕ್ಕೆ.

ಈಗ ಕೆಳಗಿನ ಮನೆಯ ಅಂಕಿ ಬರೆಯಿರಿ. ಹತ್ತು ತಿಂಗಳು ದುಡಿಮೆ, ಸರಾಸರಿ ತಿಂಗಳಿಗೆ 18,000 ಅಂತ ಇಟ್ಟುಕೊಳ್ಳಿ. ಮನೆ ಖರ್ಚು ತಿಂಗಳಿಗೆ 14,000. "ತಿಂಗಳಿಗೆ ಎಷ್ಟು ಉಳೀತು?" ಅಂತ ಕೇಳಿ. 4,000 ಅನ್ನುತ್ತಾರೆ. "ಆ 4,000ದಲ್ಲಿ ಏನು ಮಾಡಬಹುದು?" ಅಂತ ಕೇಳಿ ಸುಮ್ನೆ ನಿಂತುಕೊಳ್ಳಿ. ಫೋನು, ಶೂ, ಗೋವಾಕ್ಕೆ ಹೋಗಿ ಬರೋದು, ಎಲ್ಲ ಬರುತ್ತದೆ. ಬರಲಿ, ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

ಆಮೇಲೆ ಜೂನ್ ಮತ್ತು ಜುಲೈ ಚೌಕಕ್ಕೆ ಬನ್ನಿ. ಆದಾಯ ಸೊನ್ನೆ. ಖರ್ಚು ನಿಲ್ಲುತ್ತದಾ? ಇಲ್ಲ. 14,000ದಂತೆ ಎರಡು ತಿಂಗಳಿಗೆ 28,000. ಇಷ್ಟೇ ಅಲ್ಲ, ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ನೋಟ್‌ಬುಕ್, ಯೂನಿಫಾರ್ಮ್ ಹೊಲಿಗೆ, ಬಸ್ ಪಾಸ್, ಕೊಡೆ, ಇಬ್ಬರು ಮಕ್ಕಳಿಗೆ 9,000 ಹಾಕಿ. ಒಟ್ಟು 37,000 ಆಯಿತು. ಇದನ್ನು ಹತ್ತು ತಿಂಗಳಿಗೆ ಹಂಚಿ ಅನ್ನಿ.

ತಿಂಗಳಿಗೆ 3,700.

ಅಂದರೆ ಆ 4,000ದಲ್ಲಿ ನಿಜವಾಗಿ ಕೈಗೆ ಉಳಿದದ್ದು 300 ರೂಪಾಯಿ. ಈ ಅಂಕಿ ಬಂದಾಗ ಕ್ಲಾಸು ಒಂದು ಕ್ಷಣ ತಣ್ಣಗಾಗುತ್ತದೆ. ಮೂಲೆಯಲ್ಲಿ ಬರೆದಿಟ್ಟ ಫೋನಿನ ಕಂತು 1,500 ಇತ್ತಲ್ವಾ, ಅದು ಎಲ್ಲಿಂದ ಬರುತ್ತಿತ್ತು ಅಂತ ಈಗ ಕೇಳಿ. ಒಬ್ಬಳು ಹುಡುಗಿ ಹೇಳಿದ್ದು ನನಗೆ ಈಗಲೂ ನೆನಪಿದೆ: "ಜೂನ್‌ನಿಂದ ತೆಗೆದುಕೊಟ್ಟಿದ್ದು ಅಕ್ಕೋರೇ."

ಮೇಲಿನ ಮನೆಗೂ ಹೀಗೇ ಮಾಡಿ. ಆದರೆ ಅಲ್ಲಿ ಕಥೆ ಉಲ್ಟಾ. ಆರು ಕ್ವಿಂಟಲ್ ಅಡಿಕೆ, ಕ್ವಿಂಟಲ್‌ಗೆ 45,000 ಅಂತ ಹಿಡಿದರೆ 2,70,000. ಕೇಳಿದ ಕೂಡಲೇ ಕೆಳಗಿನ ಮನೆಯವರಿಗಿಂತ ಶ್ರೀಮಂತರು ಅನಿಸುತ್ತದೆ. ಕೊನೆ (ಅಡಿಕೆ ಗೊನೆ) ಕೊಯ್ಯುವವರ ಕೂಲಿ, ಸುಲಿಯುವ ಕೂಲಿ, ಗೊಬ್ಬರ, ಮಳೆಗಾಲದಲ್ಲಿ ಕೊಳೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುವ ಖರ್ಚು, ಎಲ್ಲ ಸೇರಿ 90,000 ಕಳೆಯಿರಿ. ಉಳಿದದ್ದು 1,80,000. ಹತ್ತು ತಿಂಗಳಿಗೆ 18,000ದಂತೆ ದುಡಿದ ಕೆಳಗಿನ ಮನೆಯದೂ ಅಷ್ಟೇ! ಆದರೆ ಇವರ ದುಡ್ಡು ಬಂದದ್ದು ಒಂದೋ ಎರಡೋ ವಿಕ್ರಿಯಲ್ಲಿ, ದೊಡ್ಡ ಮೊತ್ತವಾಗಿ. ಬೇಸಿಗೆಯ ಹೊತ್ತಿಗೆ ಖಾತೆಯಲ್ಲಿ ಲಕ್ಷದ ಮೇಲೆ ಕಂಡಾಗ ಎಲ್ಲವೂ ಕೈಗೆಟಕುವ ಹಾಗೆ ಅನಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಬೇರೆ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮಳೆ ಹಿಡಿದ ಮೇಲೆ ಅಂಗಡಿಯಲ್ಲಿ "ಬರೆದುಕೊಳ್ಳಿ" ಅನ್ನುವುದು ಶುರು.

ನಿಮ್ಮ ಕ್ಲಾಸಿನಲ್ಲಿ ತೋಟದವರ ಮಕ್ಕಳು ಜಾಸ್ತಿ ಇದ್ದರೆ ಒಂದು ಹಳೇ ಅಡಿಕೆ ಪಟ್ಟಿಯನ್ನು (ವಿಕ್ರಿಯ ಲೆಕ್ಕದ ಚೀಟಿ), ಹೆಸರು ಮುಚ್ಚಿ, ಝೆರಾಕ್ಸ್ ಮಾಡಿ ಹಂಚಿ. ಶಿರಸಿಯಲ್ಲಿ 1923ರಿಂದ ನಡೆದುಬಂದ ಟಿಎಸ್‌ಎಸ್‌ನಂಥ ಸಹಕಾರಿ ಸಂಘಗಳಲ್ಲಿ ಅಡಿಕೆ ಟೆಂಡರ್‌ಗೆ ಹೋಗುತ್ತದೆ ಅಂತ ಮಕ್ಕಳಿಗೆ ಗೊತ್ತು, ರಾಶಿಗೂ (ಬೇಯಿಸಿದ ಕೆಂಪಡಿಕೆ) ಚಾಲಿಗೂ (ಒಣಗಿಸಿದ ಬಿಳಿ ಅಡಿಕೆ) ದರ ಬೇರೆ ಅಂತಲೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಮೇಲೆ ಬರೆದ ಮೊತ್ತಕ್ಕೂ ಕೆಳಗೆ ಕೈಗೆ ಬಂದ ಮೊತ್ತಕ್ಕೂ ನಡುವೆ ಏನೇನು ಕಳೆಯಿತು ಅನ್ನುವುದು. ತೂಕ, ದರ, ಖರ್ಚು, ಸಾಲಕ್ಕೆ ಮುರಿದುಕೊಂಡದ್ದು, ಒಂದೊಂದೇ ಸಾಲು ಓದಿಸಿ.

ಅಟ್ಟದ ಮೇಲಿನ ದುಡ್ಡು

ಇಲ್ಲಿಗೆ ಬಂದಾಗ ಉಳಿತಾಯದ ಬಗ್ಗೆ ಭಾಷಣ ಬೇಕಾಗುವುದಿಲ್ಲ. ಮಳೆಗಾಲಕ್ಕೆ ಅಂತ ಬೇಸಿಗೆಯಲ್ಲೇ ಹಪ್ಪಳ ಒಣಗಿಸಿ, ಒಣಮೀನು ಕಟ್ಟಿ, ಕಟ್ಟಿಗೆ ಸೇರಿಸುವುದನ್ನು ನೋಡಿಯೇ ಬೆಳೆದ ಮಕ್ಕಳು ಇವರು. ಆ ಹಪ್ಪಳದ ಡಬ್ಬಕ್ಕೆ ಏಪ್ರಿಲ್‌ನಲ್ಲಿ ಕೈ ಹಾಕಿದರೆ ಅಜ್ಜಿ ಬಿಡುತ್ತಾಳಾ? ದುಡ್ಡಿಗೂ ಅಂಥ ಒಂದು ಅಟ್ಟ ಬೇಕು, ಅಷ್ಟೇ. ದಿನದ ಖರ್ಚಿನ ಖಾತೆಯಿಂದ ಬೇರೆಯಾಗಿ ಇರಬೇಕು, ಹತ್ತಿ ಇಳಿಸಲು ಸ್ವಲ್ಪ ಕಷ್ಟ ಆಗಬೇಕು.

ಆದಾಯದಲ್ಲಿ 50 ಭಾಗ ಅಗತ್ಯಕ್ಕೆ, 30 ಆಸೆಗೆ, 20 ಉಳಿತಾಯಕ್ಕೆ ಅನ್ನುವ ಸೂತ್ರ ಎಲ್ಲ ಕಡೆ ಸಿಗುತ್ತದೆ. ನಾನು ಅದನ್ನು ಹೇಳಿಕೊಡುವುದಿಲ್ಲ. ತಿಂಗಳು ತಿಂಗಳು ಸಂಬಳ ಬರುವವರಿಗೆ ಮಾಡಿದ ಲೆಕ್ಕ ಅದು. ಅಗತ್ಯ ಯಾವುದು, ಆಸೆ ಯಾವುದು ಅಂತ ಎರಡು ಕಾಲಂ ಹಾಕಿಸುವ ಆಟವೂ ನನಗೆ ಅಷ್ಟು ಸೇರುವುದಿಲ್ಲ. ಮಕ್ಕಳು ಟೀಚರಿಗೆ ಇಷ್ಟವಾಗುವ ಉತ್ತರ ಬರೆದು ಕೈತೊಳೆದುಕೊಳ್ಳುತ್ತಾರೆ.

ಖಾತೆ ತೆರೆಸುವುದು

10 ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ತಾವೇ ನಡೆಸಬಹುದು. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಈ ಬಗ್ಗೆ ಹೊಸ ಸುತ್ತೋಲೆ ಹೊರಡಿಸಿದೆ. ಎಷ್ಟು ಮೊತ್ತದ ತನಕ ಅನ್ನುವ ಮಿತಿಯನ್ನು ಆಯಾ ಬ್ಯಾಂಕು ಇಡುತ್ತದೆ, ಎಟಿಎಂ ಕಾರ್ಡ್ ಕೊಡಬೇಕೋ ಬೇಡವೋ ಎಂಬುದೂ ಅವರದೇ ತೀರ್ಮಾನ. ಖಾತೆಯಲ್ಲಿ ಇದ್ದಷ್ಟೇ ತೆಗೆಯಬಹುದು, ಸಾಲಕ್ಕೆ ಹೋಗುವ ಹಾಗಿಲ್ಲ.

ಅಂಚೆ ಕಚೇರಿ ನನಗೆ ಇನ್ನೂ ಇಷ್ಟ. ಹಳ್ಳಿಯಲ್ಲೂ ಇದೆ, ಪೋಸ್ಟಿನವರಿಗೆ ಮಕ್ಕಳ ಮುಖ ಪರಿಚಯ. ಅಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ತಿಂಗಳಿಗೆ 100 ರೂಪಾಯಿಯಿಂದ ಶುರು, ಅವಧಿ 5 ವರ್ಷ. ಬಡ್ಡಿ 6.7 ಪರ್ಸೆಂಟ್ ಅಂತ ಹಿಡಿದರೆ ಕಟ್ಟುವುದು 6,000, ಕೊನೆಗೆ ಬರುವುದು 7,136ರ ಆಸುಪಾಸು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಖಾತೆ ಮಾಡುವ ದಿನದ ದರ ಕೇಳಿಕೊಳ್ಳಿ. "1,136 ರೂಪಾಯಿಗೆ ಐದು ವರ್ಷ ಕಾಯಬೇಕಾ?" ಅಂತ ಮಕ್ಕಳು ಮೂಗು ಮುರಿಯುತ್ತಾರೆ. ಮುರಿಯಲಿ. ಎಂಟನೇ ಕ್ಲಾಸಿನಲ್ಲಿ ಶುರು ಮಾಡಿದರೆ ಪಿಯುಸಿ ಮುಗಿಯುವ ಹೊತ್ತಿಗೆ ಕಾಲೇಜಿನ ಅಡ್ಮಿಶನ್‌ಗೆ ಒಂದು ಕೈಗಂಟು ಆಗುತ್ತದೆ ಅಂತ ಹೇಳಿ.

ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಠೇವಣಿ ಬಗ್ಗೆಯೂ ಹೇಳಿ. ನಮ್ಮ ಕರಾವಳಿಯ ಕೂಸು ಅದು. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ್ದು, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ದಿನಾ ಕೈಗೆ ಚಿಲ್ಲರೆ ಬರುವ ಮೀನು ಮಾರುವವರಿಗೆ, ಹೂ ಮಾರುವವರಿಗೆ ಇದು ಈಗಲೂ ಸರಿಹೊಂದುತ್ತದೆ. ಕಟ್ಟಿದ ದಿನವೇ ರಶೀದಿ ತೆಗೆದುಕೊಳ್ಳುವುದನ್ನು ಮಾತ್ರ ಕಲಿಸಿ.

ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಹಾಕಿದ ಸ್ಕಾಲರ್‌ಶಿಪ್ ದುಡ್ಡು ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಎರಡು ಖಾತೆ ಇದ್ದು ಎರಡಕ್ಕೂ ಆಧಾರ್ ಕೊಟ್ಟಿದ್ದರೆ ಕೊನೆಗೆ ಜೋಡಿಸಿದ್ದಕ್ಕೆ ಹೋಗುತ್ತದೆ. ಎಷ್ಟೋ ಮನೆಯವರು ದುಡ್ಡೇ ಬಂದಿಲ್ಲ ಅಂತ ಶಾಲೆಗೆ ಬಂದು ಜಗಳಾಡುತ್ತಾರೆ, ನೋಡಿದರೆ ಅದು ಇನ್ನೊಂದು ಪಾಸ್‌ಬುಕ್‌ನಲ್ಲಿ ಬೆಚ್ಚಗೆ ಕೂತಿರುತ್ತದೆ. ಹೆಸರಿನ ಸ್ಪೆಲಿಂಗ್ ಶಾಲೆಯ ದಾಖಲೆಗೂ ಆಧಾರ್‌ಗೂ ಒಂದೇ ಇರಬೇಕು. ಇದನ್ನು ಎಂಟನೇ ಕ್ಲಾಸಿನಲ್ಲೇ ಸರಿಮಾಡಿಸಿ, ಎಸ್‌ಎಸ್‌ಎಲ್‌ಸಿ ಅರ್ಜಿಯ ಹೊತ್ತಿಗೆ ತಲೆನೋವು ತಪ್ಪುತ್ತದೆ.

ಒಮ್ಮೆ ಒಬ್ಬ ಹುಡುಗ ಕೇಳಿದ: "ನಮ್ಮೂರ ಸೊಸೈಟಿ ಬ್ಯಾಂಕಾ ಅಕ್ಕೋರೇ?" ಒಳ್ಳೇ ಪ್ರಶ್ನೆ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ, 5 ಲಕ್ಷದ ತನಕ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮೆ ಸಂಸ್ಥೆ) ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಅದು ಒಂದೇ ಲಕ್ಷ ಇತ್ತು. ಅರ್ಬನ್ ಬ್ಯಾಂಕುಗಳು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಇದರೊಳಗೆ ಬರುತ್ತವೆ. ಊರಿನ ಪ್ರಾಥಮಿಕ ಸೊಸೈಟಿ ಬರುವುದಿಲ್ಲ. ಹಾಗಂತ ಸೊಸೈಟಿ ಕೆಟ್ಟದ್ದು ಅಂತಲ್ಲ. ನಮ್ಮ ಸೀಮೆಯ ಬೇಸಾಯ ನಿಂತದ್ದೇ ಅವುಗಳ ಮೇಲೆ. ಆದರೆ ಅಲ್ಲಿ ನೀವು ಗಿರಾಕಿಯಲ್ಲ, ಸದಸ್ಯರು. ಆದ್ದರಿಂದ ವಾರ್ಷಿಕ ಸಭೆಗೆ ಹೋಗಬೇಕು, ವರದಿ ಪುಸ್ತಕ ಓದಬೇಕು, ಲಾಡು ತಿಂದು ಬಂದರೆ ಸಾಲದು. ಹಳೆಯ ಒಂದು ವಾರ್ಷಿಕ ವರದಿ ಸಿಕ್ಕರೆ ಕ್ಲಾಸಿಗೆ ತನ್ನಿ, ಠೇವಣಿ ಎಷ್ಟು, ಕೊಟ್ಟ ಸಾಲ ಎಷ್ಟು, ಅದರಲ್ಲಿ ಸುಸ್ತಿ ಎಷ್ಟು ಅಂತ ಹುಡುಕಿಸಿ.

ಹನ್ನೆರಡು ಅಡಿಕೆಯ ಸಾಲ

ಸಾಲದ ಪಾಠಕ್ಕೆ ಹನ್ನೆರಡು ಗೋಟಡಿಕೆ ತನ್ನಿ. ಕೆಳಗಿನವರು ಕಪ್ಪೆಚಿಪ್ಪು ತರಬಹುದು. ಮೇಜಿನ ಮೇಲೆ ಸಾಲಾಗಿ ಇಡಿ, ಒಂದೊಂದೂ ಸಾವಿರ ರೂಪಾಯಿ. ಒಬ್ಬ ಹುಡುಗ 12,000 ಸಾಲ ತೆಗೆದುಕೊಂಡ. ಕೊಟ್ಟವರು ಹೇಳಿದ್ದು "ಬರೀ ಹತ್ತು ಪರ್ಸೆಂಟ್ ಬಡ್ಡಿ, ಹನ್ನೆರಡು ಕಂತು." ಬಡ್ಡಿ 1,200, ಒಟ್ಟು 13,200, ಕಂತಿಗೆ 1,100. ಎಲ್ಲರಿಗೂ ಸರಿ ಅನಿಸುತ್ತದೆ.

ಈಗ ತಿಂಗಳಿಗೊಂದು ಅಡಿಕೆ ವಾಪಸ್ ಕೊಡಿಸುತ್ತಾ ಹೋಗಿ. ಪ್ರತಿ ಸಲವೂ ಜೊತೆಗೆ ನೂರು ರೂಪಾಯಿ ಬಡ್ಡಿ ಅಂತ ಬೋರ್ಡಿನಲ್ಲಿ ಗೀಟು ಹಾಕಿ. ಆರು ತಿಂಗಳಾಯಿತು, ಮೇಜಿನ ಮೇಲೆ ಆರೇ ಅಡಿಕೆ ಇದೆ, ಬಡ್ಡಿ ಮಾತ್ರ ಅದೇ ನೂರು. ಕೊನೆಯ ತಿಂಗಳು ಒಂದೇ ಒಂದು ಅಡಿಕೆ ಉಳಿದಿದೆ. ಅಲ್ಲಿ ನಿಲ್ಲಿಸಿ ಕೇಳಿ, ಈಗ ನಿನ್ನ ಹತ್ತಿರ ಅವರ ದುಡ್ಡು ಎಷ್ಟಿದೆ? ಸಾವಿರ. ಈ ತಿಂಗಳು ಎಷ್ಟು ಬಡ್ಡಿ ಕೊಡುತ್ತಿದ್ದೀಯ? ನೂರು. ಸಾವಿರಕ್ಕೆ ತಿಂಗಳಿಗೆ ನೂರು!

ವರ್ಷದ ಸರಾಸರಿ ತೆಗೆದರೆ ಅವನ ಕೈಯಲ್ಲಿ ಇದ್ದದ್ದು 6,500 ಮಾತ್ರ. ಅದಕ್ಕೆ 1,200 ಬಡ್ಡಿ ಅಂದರೆ ವರ್ಷಕ್ಕೆ 18 ಪರ್ಸೆಂಟಿನ ಆಸುಪಾಸು. ಹತ್ತು ಅಂದದ್ದು ಹದಿನೆಂಟು ಆಯಿತು. ಹಾಗಾಗಿ ಸಾಲ ಕೇಳುವಾಗ ಕೇಳಬೇಕಾದ ಪ್ರಶ್ನೆ "ಬಡ್ಡಿ ಎಷ್ಟು" ಅಂತ ಅಲ್ಲ. "ಫ್ಲ್ಯಾಟ್ ಬಡ್ಡಿಯಾ, ಉಳಿದ ಸಾಲಕ್ಕೆ ಮಾತ್ರವಾ?" ಅಂತ. ಫ್ಲ್ಯಾಟ್ ಅಂದರೆ ಹೀಗೆ ಕೊನೆ ತನಕ ಮೊದಲಿನ ಪೂರ್ತಿ ಸಾಲಕ್ಕೇ ಬಡ್ಡಿ. ಈ ಒಂದು ಪ್ರಶ್ನೆಯನ್ನು ಇಡೀ ಕ್ಲಾಸಿಗೆ ಬಾಯಿಪಾಠ ಮಾಡಿಸಿದ್ದೇನೆ, ಮಗ್ಗಿ ಹಾಗೆ.

ಕೈಸಾಲದ "ಮೂರು ರೂಪಾಯಿ ಬಡ್ಡಿ"ಯೂ ಹೀಗೇ. ಕೇಳಲು ಸಣ್ಣದು. ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ 36. ಪಕ್ಕದಲ್ಲಿ ಅಂಚೆ ಕಚೇರಿಯ 6.7 ಬರೆದು ಸುಮ್ಮನಾಗಿ. ಫೋನಿನ ಬಡ್ಡಿರಹಿತ ಕಂತಿನಲ್ಲಿ ಪ್ರೊಸೆಸಿಂಗ್ ಫೀ ಎಷ್ಟು, ನಗದು ಕೊಟ್ಟರೆ ಅಂಗಡಿಯವರು ಎಷ್ಟು ಬಿಡುತ್ತಿದ್ದರು ಅಂತ ಕೇಳಿ ಬರಲು ಹೇಳಿ.

ಫೋನಿನಲ್ಲಿ ಹೋಗುವ ದುಡ್ಡು

ಈ ವಿಷಯದಲ್ಲಿ ಮಕ್ಕಳಿಗೆ ನಮಗಿಂತ ಜಾಸ್ತಿ ಗೊತ್ತು ಅಂತ ಒಪ್ಪಿಕೊಂಡು ಶುರು ಮಾಡಿ. ಅಜ್ಜನ ಫೋನಿನಲ್ಲಿ ಯುಪಿಐ ಹಾಕಿಕೊಟ್ಟವರೇ ಇವರು. ನಾನು ನಾಲ್ಕೇ ಮಾತು ಹೇಳುತ್ತೇನೆ.

ದುಡ್ಡು ಕೊಡಲು ಪಿನ್ ಬೇಕು, ದುಡ್ಡು ಬರಲು ಬೇಡ. "ದುಡ್ಡು ಹಾಕ್ತೇನೆ, ಪಿನ್ ಒತ್ತಿ" ಅಂದವನು ಕಳ್ಳ. ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ, ವಿಡಿಯೋ ಕಾಲಿನಲ್ಲಿ ಪೊಲೀಸ್ ಡ್ರೆಸ್ ಕಂಡರೆ ಕಟ್ ಮಾಡಿ. ಮೋಸ ಆದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ನಾಳೆ ಅಪ್ಪ ಬಂದ ಮೇಲೆ ಅಂತಲ್ಲ, ಆ ಗಳಿಗೆಯಲ್ಲೇ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿ ಹೋಗುತ್ತದೆ.

ನಾಲ್ಕನೆಯದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ನೇರವಾಗಿ ಇವರ ವಯಸ್ಸಿನವರಿಗೇ ಬೀಸುವ ಬಲೆ. "ನಿನ್ನ ಖಾತೆ ಎರಡು ದಿನ ಕೊಡು, ದುಡ್ಡು ಬಂದು ಹೋಗ್ತದೆ, ನಿನಗೆ ಎರಡು ಸಾವಿರ" ಅನ್ನುತ್ತಾರೆ. ಬಂದು ಹೋಗುವುದು ಯಾರದೋ ಕದ್ದ ದುಡ್ಡು. ಪೊಲೀಸರು ಹುಡುಕಿಕೊಂಡು ಬರುವುದು ಖಾತೆಯಲ್ಲಿ ಹೆಸರಿದ್ದವರ ಮನೆಗೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಯಾವುದನ್ನೂ ಬಾಡಿಗೆಗೆ ಕೊಡುವ ಹಾಗಿಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆಯಲ್ಲಿ ನಿಷೇಧಿಸಿದ್ದಾರೆ. ಊರಿನ ಓಸಿ (ಮಟ್ಕಾ) ಚೀಟಿಯ ಬಗ್ಗೆ ನಾನು ಹೇಳುವುದೇ ಬೇಡ, ಅದರ ಲೆಕ್ಕ ಮಕ್ಕಳಿಗೇ ಗೊತ್ತಿರುತ್ತದೆ.

ಮಕ್ಕಳ ಸಂತೆಯಲ್ಲಿ ಪರೀಕ್ಷೆ

ಬರವಣಿಗೆಯ ಪರೀಕ್ಷೆ ಬೇಡ. ಶಾಲೆಯಲ್ಲಿ ಮಕ್ಕಳ ಸಂತೆ ಮಾಡುತ್ತೀರಲ್ವಾ, ಅದನ್ನೇ ಪರೀಕ್ಷೆ ಮಾಡಿ. ಹೋದ ಸಲ ಮೂವರು ಹುಡುಗರು ಮುರುಗಲು (ಕೋಕಂ) ಪಾನಕದ ಅಂಗಡಿ ಹಾಕಿದ್ದರು. ಸಂಜೆ ಡಬ್ಬ ಅಲ್ಲಾಡಿಸುತ್ತಾ ಬಂದು "620 ಲಾಭ ಅಕ್ಕೋರೇ" ಅಂದರು. ಕೂರಿಸಿ ಬರೆಸಿದೆ. ಸಕ್ಕರೆ 180. ಲೋಟ 90. ಐಸ್ 60. ಉಳಿದದ್ದು 290. ಮುರುಗಲು? "ಮನೆ ಮರದ್ದು." ಅದನ್ನು ಆರಿಸಿ, ಸಕ್ಕರೆಯಲ್ಲಿ ಹಾಕಿ, ಸೋಸಿ ಬಾಟಲಿಗೆ ತುಂಬಿದ್ದು ಯಾರು? "ಆಯಿ." ಅಂದರೆ ಅಮ್ಮ. ಅಷ್ಟು ಹೊತ್ತಿಗೆ ಅವರಲ್ಲೇ ಒಬ್ಬ ಇನ್ನೊಬ್ಬನಿಗೆ ಮೊಣಕೈಯಿಂದ ತಿವಿದ, "ಆಯಿಗೆ ಎಷ್ಟು ಹಾಕೋದು?" ಆ ಚರ್ಚೆ ಬೆಲ್ ಹೊಡೆದರೂ ಮುಗಿಯಲಿಲ್ಲ. ನಾನು ಉತ್ತರ ಹೇಳಲಿಲ್ಲ.

ಕೊನೆಯ ಶನಿವಾರ ಮಕ್ಕಳನ್ನು ಬ್ಯಾಂಕಿಗೋ ಅಂಚೆ ಕಚೇರಿಗೋ ಕರೆದುಕೊಂಡು ಹೋಗಿ. ಬ್ಯಾಂಕಾದರೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಮರೆತು ಹೋಗಿ ಶಟರ್ ನೋಡಿಕೊಂಡು ವಾಪಸ್ ಬರಬೇಡಿ, ನಾನು ಬಂದಿದ್ದೇನೆ. ಮೊದಲೇ ಮ್ಯಾನೇಜರಿಗೆ ಒಂದು ಮಾತು ಹೇಳಿಡಿ. ಒಮ್ಮೆಗೆ ಹತ್ತು ಮಕ್ಕಳಿಗಿಂತ ಜಾಸ್ತಿ ಬೇಡ. ಚಲನ್ ಮಕ್ಕಳೇ ಬರೆಯಲಿ, ತಪ್ಪಾದರೆ ಹರಿದು ಇನ್ನೊಂದು ಬರೆಯಲಿ, ಹಿಂದೆ ಕ್ಯೂ ಬೆಳೆಯುತ್ತದೆ ಅಂತ ನೀವು ಕಸಿದುಕೊಂಡು ತುಂಬಬೇಡಿ. ಪೆನ್ನು ನೀವೇ ತೆಗೆದುಕೊಂಡು ಹೋಗಿ, ಅಲ್ಲಿ ದಾರಕ್ಕೆ ಕಟ್ಟಿದ್ದು ಬರೆಯುವುದಿಲ್ಲ.